ಪೌರಸಭೆಯ ಸಮಾಜಕಾರ್ಯಕರ್ತರು



ಪೌರಸಭೆ ಎಂದೊಡನೆ ನಲ್ಲಿಯ ನೀರು, ಬೀದಿಯ ದೀಪ, ಕಸದ ಗಾಡಿ, ಮುನಿಸಿಪಾಲಿಟಿಯ ಶಾಲೆ ನಿಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಆದರೆ ಮುಚ್ಚಿದ ಬಾಗಿಲುಗಳ ಹಿಂದೆ ಕಣ್ಣಿಗೆ ಕಾಣದ ದುಃಖಗಳೂ ಊರಿನಲ್ಲಿ ಉಂಟು. ತಾಯಿತಂದೆಯರಿಲ್ಲದ ಕೂಸು, ಮಕ್ಕಳು ತೊರೆದ ಮುದುಕಿ, ಮನಸ್ಸಿನ ಸ್ವಾಸ್ಥ್ಯ ಕೆಟ್ಟ ತರುಣ, ಇವರನ್ನು ನೋಡಿಕೊಳ್ಳುವವರು ಯಾರು? ನೆಂಟರು, ನೆರೆಯವರು, ಧರ್ಮಾತ್ಮರು ಎಂದು ನೀವು ಹೇಳಬಹುದು. ಅವರಾರೂ ಇಲ್ಲದಿದ್ದರೆ? ಈ ಪ್ರಶ್ನೆಗೆ ಇಂಗ್ಲೆಂಡು ಕಂಡುಕೊಂಡ ಉತ್ತರವೇ ಈ ಪಾಠದ ವಿಷಯ. ಅಲ್ಲಿಯ ಸ್ಥಳೀಯ ಕೌನ್ಸಿಲುಗಳು ಸಂಬಳ ಕೊಟ್ಟು ಸಮಾಜಕಾರ್ಯಕರ್ತರನ್ನು ನೇಮಿಸಿಕೊಳ್ಳುತ್ತವೆ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಬಡವರ ಪೋಷಣೆಯ ಹೊಣೆಯನ್ನು 1601ರ ಕಾಯಿದೆ ಆಯಾ ಊರಿನ ಮೇಲೆ ಹೊರಿಸಿತು. 1834ರ ಕಾಯಿದೆಯಾದರೋ ನೆರವು ಬೇಡಿದವರನ್ನು ದುಡಿಮನೆಗಳಿಗೆ ಸೇರಿಸುವ ಕ್ರಮವನ್ನು ಬಲಪಡಿಸಿತು. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆಯಾಗಿ ಇರಬೇಕಾಗುತ್ತಿತ್ತು. ಹೊಟ್ಟೆಗೆ ಅನ್ನ ಸಿಕ್ಕರೂ ಮಾನ ಉಳಿಯುತ್ತಿರಲಿಲ್ಲ. 1948ರ ರಾಷ್ಟ್ರೀಯ ನೆರವು ಕಾಯಿದೆ ಈ ಹಳೆಯ ಪದ್ಧತಿಯನ್ನು ಕೊನೆಗಾಣಿಸಿತು.

ಅದೇ ವರ್ಷ ಮಕ್ಕಳ ಕಾಯಿದೆಯೂ ಬಂದಿತು. ಅದರ ಹಿನ್ನೆಲೆಯಲ್ಲಿ ಒಂದು ದುರಂತವಿದೆ. ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಬಾಲಕನನ್ನು ನ್ಯೂಪೋರ್ಟ್ ಪಟ್ಟಣದ ಕೌನ್ಸಿಲು ಶ್ರಾಪ್‌ಶೈರ್ ಸೀಮೆಯ ಒಂದು ಹೊಲಮನೆಯಲ್ಲಿ ಸಾಕಲು ಬಿಟ್ಟಿತ್ತು. ಹಸಿವಿನಿಂದಲೂ ಪೆಟ್ಟಿನಿಂದಲೂ ಬಳಲಿ ಆ ಹುಡುಗ 1945ರ ಜನವರಿಯಲ್ಲಿ ತೀರಿಕೊಂಡನು. ಅವನ ಮೇಲ್ವಿಚಾರಣೆಯಲ್ಲಿ ಎರಡು ಕೌನ್ಸಿಲುಗಳ ನಡುವೆ ಗೊಂದಲವಿತ್ತೆಂದು ವಿಚಾರಣೆಯಿಂದ ತಿಳಿದುಬಂದಿತು. ಇಬ್ಬರ ಹೊಣೆ ಯಾರ ಹೊಣೆಯೂ ಅಲ್ಲವಾಯಿತು. ಆ ಬಳಿಕ ಕರ್ಟಿಸ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. 1948ರ ಕಾಯಿದೆ ಮಕ್ಕಳಿಗಾಗಿಯೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು ಕೌನ್ಸಿಲುಗಳಿಗೆ ವಿಧಿಸಿತು.

ಮುಂದೆ ಇನ್ನೊಂದು ತೊಡಕು ಕಾಣಿಸಿತು. ಮಕ್ಕಳಿಗೆ ಒಂದು ಇಲಾಖೆ, ವೃದ್ಧರಿಗೆ ಒಂದು, ಮನೋರೋಗಿಗಳಿಗೆ ಮತ್ತೊಂದು. ಒಂದೇ ಮನೆಗೆ ಮೂವರು ಅಧಿಕಾರಿಗಳು ಬಂದು ಹೋದರೂ ಇಡೀ ಸಂಸಾರವನ್ನು ಕಂಡವರು ಒಬ್ಬರೂ ಇರುತ್ತಿರಲಿಲ್ಲ. 1968ರ ಸೀಬೋಮ್ ಸಮಿತಿಯ ಸಲಹೆಯಂತೆ 1970ರ ಕಾಯಿದೆ ಇವನ್ನು ಒಂದುಗೂಡಿಸಿತು. 2004ರ ಕಾಯಿದೆಯ ತರುವಾಯ ಮಕ್ಕಳ ಸೇವೆಯೂ ವಯಸ್ಕರ ಸೇವೆಯೂ ಇಂಗ್ಲೆಂಡಿನಲ್ಲಿ ಪುನಃ ಬೇರೆಯಾಗಿವೆ.

ಈ ಕಾರ್ಯಕರ್ತರ ಕರ್ತವ್ಯವೇನು? ತನ್ನ ಎಲ್ಲೆಯಲ್ಲಿ ಯಾವುದಾದರೂ ಮಗು ತೀವ್ರ ಹಾನಿಗೆ ಗುರಿಯಾಗಿದೆಯೆಂದು ಶಂಕಿಸಲು ಸಕಾರಣವಿದ್ದರೆ ಕೌನ್ಸಿಲು ವಿಚಾರಿಸಲೇಬೇಕೆಂದು 1989ರ ಮಕ್ಕಳ ಕಾಯಿದೆ ಹೇಳುತ್ತದೆ. ಕಾರ್ಯಕರ್ತರು ಮನೆಗೆ ಹೋಗುತ್ತಾರೆ, ಮಗುವಿನೊಡನೆ ಮಾತನಾಡುತ್ತಾರೆ, ಶಾಲೆಯವರನ್ನೂ ವೈದ್ಯರನ್ನೂ ಕೇಳುತ್ತಾರೆ. ಕಷ್ಟದಲ್ಲಿರುವ ಸಂಸಾರಕ್ಕೆ ನೆರವನ್ನು ಒದಗಿಸಿ, ಮಗು ತನ್ನ ಮನೆಯಲ್ಲಿಯೇ ಬೆಳೆಯುವಂತೆ ಮಾಡುವುದು ಅವರ ಮೊದಲ ಯತ್ನ. ವೃದ್ಧರಿಗೂ ಅಂಗವಿಕಲರಿಗೂ ಏನು ಬೇಕೆಂದು ಅಳೆದು ನೋಡುವುದು 2014ರ ಆರೈಕೆಯ ಕಾಯಿದೆಯಿಂದ ಬಂದ ಕರ್ತವ್ಯ. ಅವರ ಶುಶ್ರೂಷೆ ಮಾಡುವ ಮಗಳ ಅಥವಾ ಸೊಸೆಯ ಆಯಾಸವನ್ನೂ ಗಣಿಸಬೇಕೆಂದು ಆ ಕಾಯಿದೆ ವಿಧಿಸಿದೆ.

ಈ ಕೆಲಸ ಕತ್ತಿಯ ಅಲಗಿನ ಮೇಲಿನ ನಡಿಗೆ. ತಡಮಾಡಿದರೆ ಮಗುವಿನ ಪ್ರಾಣಕ್ಕೆ ಅಪಾಯ; ಅವಸರ ಪಟ್ಟರೆ ನಿರಪರಾಧಿ ತಾಯಿಯ ಮಡಿಲು ಬರಿದು. ಆದುದರಿಂದ ಕಾನೂನು ಅವರ ಕೈಗೆ ಅಧಿಕಾರವನ್ನು ಕೊಟ್ಟಂತೆ ಕಡಿವಾಣವನ್ನೂ ಹಾಕಿದೆ. ತಾಯಿತಂದೆಯರ ಒಪ್ಪಿಗೆಯಿಲ್ಲದೆ ಮಗುವನ್ನು ಕರೆದೊಯ್ಯಲು ನ್ಯಾಯಾಲಯದ ಅಪ್ಪಣೆ ಬೇಕು. ತುರ್ತು ರಕ್ಷಣೆಯ ಅಪ್ಪಣೆಯೂ ಮೊದಲಿಗೆ ಎಂಟು ದಿನಗಳನ್ನು ಮೀರಲಾರದು. ತಕ್ಕ ಶಿಕ್ಷಣ ಪಡೆದು ಹೆಸರು ನೋಂದಾಯಿಸದವರು ತಮ್ಮನ್ನು ಸಮಾಜಕಾರ್ಯಕರ್ತರೆಂದು ಕರೆದುಕೊಳ್ಳುವುದೇ 2005ರಿಂದ ಅಲ್ಲಿ ಅಪರಾಧ.

ಸಂಬಳ ಪಡೆದು ಮಾಡುವುದು ಸೇವೆಯಾದೀತೇ ಎಂಬ ಸಂಶಯ ನಿಮಗೆ ಬರಬಹುದು. ದಾನಿಯು ಮನಸ್ಸು ಬಂದರೆ ಬರುವನು, ಬಾರದಿದ್ದರೆ ಇಲ್ಲ, ಅವನನ್ನು ಕೇಳುವವರಿಲ್ಲ. ಸಂಬಳದ ಕಾರ್ಯಕರ್ತನು ಬರಲೇಬೇಕು. ಬಾರದಿದ್ದರೆ ಏಕೆಂದು ಕೇಳುವ ಹಕ್ಕು ಊರಿಗೆ ಉಂಟು. ದಯೆ ಹೃದಯದ ಗುಣ, ಹೊಣೆ ವ್ಯವಸ್ಥೆಯ ಗುಣ. ದುರ್ಬಲರಿಗೆ ಇವೆರಡೂ ಬೇಕು.

ನಮ್ಮ ಮುಂಬಯಿಗೂ ಈ ವಿದ್ಯೆ ಹೊಸದಲ್ಲ. ಸಮಾಜಕಾರ್ಯವನ್ನು ಕಲಿಸುವ ಭಾರತದ ಮೊದಲ ಶಾಲೆ 1936ರಲ್ಲಿ ನಾಗಪಾಡಾದಲ್ಲಿ ತೆರೆಯಿತು. ಇಂದು ದೇವನಾರಿನಲ್ಲಿರುವ ಟಾಟಾ ಸಂಸ್ಥೆಯೇ ಅದು. ಪರೇಲಿನ ಕೆ.ಇ.ಎಂ., ಸಾಯನ್ನಿನ ಆಸ್ಪತ್ರೆ ಮುಂತಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರು ಇದ್ದಾರೆ. ಔಷಧಕ್ಕೆ ಹಣವಿಲ್ಲದ ರೋಗಿಗೆ ಧರ್ಮಸಂಸ್ಥೆಗಳ ನೆರವು ದೊರೆಯುವಂತೆ ಅವರು ಶ್ರಮಿಸುತ್ತಾರೆ. ಆದರೆ ಮಕ್ಕಳ ರಕ್ಷಣೆಯ ತೀರ್ಮಾನ ನಮ್ಮಲ್ಲಿ ಪಾಲಿಕೆಯದಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳ ಕಲ್ಯಾಣ ಸಮಿತಿಯದು. ಸಂಕಟದಲ್ಲಿರುವ ಯಾವ ಮಗುವಾದರೂ, ಅದನ್ನು ಕಂಡ ಯಾರಾದರೂ, 1098ಕ್ಕೆ ದೂರವಾಣಿ ಮಾಡಬಹುದು. 1996ರಲ್ಲಿ ಈ ಸೇವೆ ಆರಂಭವಾದುದೂ ನಮ್ಮ ಈ ನಗರದಲ್ಲಿಯೇ.

ಚಾಳಿನ ಗೋಡೆಗಳು ತೆಳು. ಪಕ್ಕದ ಮನೆಯ ಅಳು ನಿಮಗೆ ಕೇಳಿಸುತ್ತದೆ. ಕಾಯಿದೆ ಎಷ್ಟೇ ಒಳ್ಳೆಯದಿದ್ದರೂ ಯಾರಾದರೂ ಒಬ್ಬರು ತಿಳಿಸಿದ ಮೇಲೆಯೇ ಕಾರ್ಯಕರ್ತರು ಬರಬಲ್ಲರು. ಆ ಒಬ್ಬರು ನೀವೇ ಆಗಬಹುದು. ನಿಮ್ಮ ಗುರುಗಳಿಗೆ ಹೇಳಿ, ಹಿರಿಯರಿಗೆ ಹೇಳಿ, ಸುಮ್ಮನಿರಬೇಡಿ.