ತಲಾಂತು ಎಂಬ ಮಾತಿನ ತೂಕ

(ಓದತಕ್ಕ ಭಾಗ: ಮತ್ತಾಯ 25:14-30)

ಚೆನ್ನಾಗಿ ಹಾಡುವವನನ್ನಾಗಲಿ ಮಾತಾಡುವವನನ್ನಾಗಲಿ ನೋಡಿ, ಇವನಲ್ಲಿ ಟ್ಯಾಲೆಂಟು ಉಂಟೆಂದು ಪೇಟೆಯವರು ಹೇಳುವದನ್ನು ನಾವು ಕೇಳಿದ್ದೇವೆ. ಸಭೆಯ ಕೆಲಸಕ್ಕೆ ಕರೆದಾಗ, ನನ್ನಲ್ಲಿ ಅಂಥದ್ದೇನೂ ಇಲ್ಲವೆಂದು ಹಿಂಜರಿಯುವವರೂ ನಮ್ಮಲ್ಲಿ ಅನೇಕರು. ಈ ಇಂಗ್ಲಿಷ್ ಮಾತಿನ ಮೂಲವನ್ನು ತಿಳಿದರೆ ಆ ನೆವವು ನಿಲ್ಲಲಾರದು.

ಇದು ನಮ್ಮ ಸತ್ಯವೇದದ ತಲಾಂತು ಎಂಬ ಮಾತೇ. ಗ್ರೀಕರು ತಕ್ಕಡಿಯನ್ನು ತಾಲಂತೋನ್ ಎನ್ನುತ್ತಿದ್ದರು. ಹೊರುವದು ಎಂಬರ್ಥವುಳ್ಳ ಪುರಾತನ ಧಾತುವಿನಿಂದ ಅದು ಹುಟ್ಟಿತು. ಸಂಸ್ಕೃತದ ತುಲಾ ಎಂಬದಕ್ಕೂ ಅದೇ ಮೂಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತಕ್ಕಡಿಯ ಹೆಸರು ಮೊದಲು ತೂಕಕ್ಕೂ ಆಮೇಲೆ ಆ ತೂಕದ ಬೆಳ್ಳಿಗೂ ಬಂತು. ಲ್ಯಾಟಿನಿನ ಮೂಲಕ ಅದು ಇಂಗ್ಲಿಷಿಗೆ ಸೇರಿತು. ಕರ್ತನ ಈ ಸಾಮ್ಯದ ನಿಮಿತ್ತವೇ 15ನೆಯ ಶತಮಾನದಷ್ಟರಲ್ಲಿ ಇಂಗ್ಲಿಷರು ಹುಟ್ಟಿನಿಂದ ಬಂದ ಜಾಣತನವನ್ನು ಆ ಹೆಸರಿನಿಂದ ಕರೆಯತೊಡಗಿದರು.

ಆದರೆ ಈ ಹೊಸ ಅರ್ಥದಲ್ಲಿ ಒಂದು ಸಂಗತಿಯು ಮರೆಯಾಯಿತು. ಯಜಮಾನನು ಒಬ್ಬೊಬ್ಬನ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಹಂಚಿದನೆಂದು 15ನೆಯ ವಚನವು ತಿಳಿಸುತ್ತದೆ. ಹಾಗಾದರೆ ಸಾಮರ್ಥ್ಯವು ಬೇರೆ, ತಲಾಂತು ಬೇರೆ. ತಲಾಂತು ಆಳಿನ ಸ್ವಂತ ಗುಣವಲ್ಲ. ಅದು ಯಜಮಾನನ ಸೊತ್ತು, ಆಳಿನ ಕೈಗೆ ಒಪ್ಪಿಸಲ್ಪಟ್ಟದ್ದು.

ಅದು ಅಲ್ಪವೂ ಅಲ್ಲ. ಕರ್ತನ ಕಾಲದಲ್ಲಿ ಒಂದು ತಲಾಂತು ಸುಮಾರು 6000 ದಿನಾರಿಗಳಿಗೆ ಸಮವಾಗಿತ್ತು. ದಿನಾರಿಯೆಂಬ ಬೆಳ್ಳಿಯ ನಾಣ್ಯವು ಕೂಲಿಯವನ ಒಂದು ದಿನದ ಕೂಲಿಯೆಂದು ಮತ್ತಾಯ 20:2ರಿಂದ ತಿಳಿಯುತ್ತದೆ. ವರುಷಕ್ಕೆ 300 ದಿನ ದುಡಿದರೂ ಅಷ್ಟನ್ನು ಗಳಿಸಲು 20 ವರುಷ ಬೇಕು. ಒಂದೇ ತಲಾಂತು ಹೊಂದಿದವನಿಗೆ ಸ್ವಲ್ಪವೇ ಸಿಕ್ಕಿತೆಂದು ನಾವು ಮರುಗುತ್ತೇವಲ್ಲಾ. ಅವನು ನೆಲದಲ್ಲಿ ಹೂಣಿಟ್ಟದ್ದು ಇಪ್ಪತ್ತು ವರುಷಗಳ ಕೂಲಿಯನ್ನು!

ಅಕ್ಷರವರಿಯದ ತಾಯಿಗೂ ತಾನು ಕೇಳಿದ ಸುವಾರ್ತೆಯು ಉಂಟು. ಅದನ್ನು ಹೇಳಿಕೊಡಲು ಮಕ್ಕಳುಂಟು, ಸಂಜೆಯ ಒಂದು ಗಳಿಗೆಯುಂಟು. ಹೊಲದಿಂದ ಬಳಲಿ ಬಂದವನಿಗೂ, ಕಾಯಿಲೆ ಬಿದ್ದ ನೆರೆಯವನ ಬಾಗಿಲಿಗೆ ಹೋಗುವ ದಾರಿಯುಂಟು. ಇವೂ ನಮಗೆ ಒಪ್ಪಿಸಲ್ಪಟ್ಟವುಗಳೇ. ಐದು ತಲಾಂತಿನವನಿಗೆ ದೊರೆತ ಮೆಚ್ಚಿಕೆಯ ಮಾತೇ ಎರಡು ತಲಾಂತಿನವನಿಗೂ ದೊರೆಯಿತು. ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಯಜಮಾನನು ಮೆಚ್ಚಿದ್ದು ಅವರ ನಂಬಿಗಸ್ತಿಕೆಯನ್ನು.

ಆದಕಾರಣ ಪ್ರಿಯರೇ, ನನ್ನಲ್ಲಿ ಏನುಂಟೆಂದು ಕೇಳುವದನ್ನು ಬಿಟ್ಟು, ನನಗೆ ಒಪ್ಪಿಸಲ್ಪಟ್ಟದ್ದು ಯಾವದು, ಈಗ ಅದು ಎಲ್ಲಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಹೂಣಿಟ್ಟಿದ್ದರೆ, ಯಜಮಾನನು ಬರುವ ಮೊದಲೇ ಅಗೆದು ತೆಗೆಯೋಣ.