ವರ್ತಕರ ದಾನ: ಫಲಕ ಓದುವ ಮೊದಲು ಲೆಕ್ಕ ಓದೋಣ



ಅಡಿಕೆಗೆ ಧಾರಣೆ ಬಂದ ವರ್ಷ ಪೇಟೆಯಲ್ಲಿ ದಾನಿಗಳ ಫಲಕಗಳೂ ಹೆಚ್ಚುವುದುಂಟು. ನಮ್ಮ ವಿನೋಬನಗರದ ರಸ್ತೆಗಳಲ್ಲಿ ನಡೆದುಹೋಗುವವರಿಗೆ ಇದು ಹೊಸ ನೋಟವೇನಲ್ಲ. ಶಾಲೆಯ ಕೊಠಡಿಯ ಮೇಲೆ ಒಬ್ಬ ವರ್ತಕರ ಹೆಸರು, ರಕ್ತದಾನ ಶಿಬಿರದ ಬಟ್ಟೆಯ ಮೇಲೆ ಇನ್ನೊಬ್ಬರ ಹೆಸರು, ಕುಡಿಯುವ ನೀರಿನ ತೊಟ್ಟಿಯ ಮೇಲೆ ಮತ್ತೊಬ್ಬರದು. ಇದನ್ನು ಕಂಡು ಕೆಲವರು ಕೊಂಡಾಡುತ್ತಾರೆ. ಕೆಲವರು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ನೆನಪಿಸಿ ಮೂಗು ಮುರಿಯುತ್ತಾರೆ. ವಾರ್ಷಿಕ ಮಹಾಸಭೆ ಹತ್ತಿರ ಬಂದಾಗ, ‘ಅವರು ಅಷ್ಟು ಕೊಟ್ಟರು, ನಮ್ಮ ಸಂಘ ಏನು ಕೊಟ್ಟಿತು?’ ಎಂಬ ಪ್ರಶ್ನೆಯೂ ಸಹಜವಾಗಿಯೇ ಏಳುತ್ತದೆ.

ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹೇಳುವ ಮೊದಲು ದಾನವೆಂಬುದನ್ನು ಬೆಳೆಗಾರನ ಕಣ್ಣಿನಿಂದ ಪರಿಶೀಲಿಸುವುದು ಅಗತ್ಯ. ಒಂದು ಕೊನೆ ಅಡಿಕೆಯನ್ನು ಕೊಡುವುದಕ್ಕೂ ಒಂದು ತೋಟವನ್ನು ಬಿಟ್ಟುಕೊಡುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆ ಆ ದಿನಕ್ಕೆ ಮುಗಿಯಿತು; ತೋಟ ವರ್ಷ ವರ್ಷವೂ ಕೊಡುತ್ತದೆ, ನೋಡಿಕೊಳ್ಳುವವರು ಇದ್ದರೆ. ಈ ಅಳತೆಗೋಲನ್ನು ಹಿಡಿದುಕೊಂಡೇ ಮುಂದೆ ನೋಡೋಣ.

ಹಣ ಯಾರದು?

ಮೊದಲು ನಮ್ಮದೇ ಮಂಡಿಯ ವಿಷಯ. ನಿಯಂತ್ರಿತ ಮಾರುಕಟ್ಟೆಗಳು ಬರುವ ಮೊದಲು ದೇಶದ ಅನೇಕ ಕಡೆ ರೈತನು ಮಾಲು ಮಾರಿದಾಗ ದಲಾಲರು ಕೊಡುತ್ತಿದ್ದ ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿ ಇವುಗಳ ಜೊತೆಗೆ ‘ಧರ್ಮಾದಾಯ’ ಎಂಬ ಒಂದು ಕಡಿತವೂ ಇರುತ್ತಿತ್ತು. ದೇವಸ್ಥಾನಕ್ಕೆ, ಗೋಶಾಲೆಗೆ, ಪಾಠಶಾಲೆಗೆ ಎಂದು ಇದನ್ನು ಹಿಡಿಯುತ್ತಿದ್ದರು. ಇದರಲ್ಲಿ ಒಂದು ಭಾಗ ನಿಜವಾಗಿಯೂ ಅಲ್ಲಿಗೆ ಹೋಗಿರಬಹುದು. ಆದರೆ ಕೊಟ್ಟವನು ಹಳ್ಳಿಯ ಬೆಳೆಗಾರ, ಹೆಸರು ಬಂದದ್ದು ಪೇಟೆಯ ಅಂಗಡಿಗೆ. ಕೊಡುವುದೋ ಬಿಡುವುದೋ ಎಂದು ಬೆಳೆಗಾರನನ್ನು ಕೇಳುವ ಪದ್ಧತಿ ಇರಲಿಲ್ಲ. ಎಲ್ಲಿಗೆ ಹೋಯಿತೆಂದು ಅವನು ಕೇಳುವ ಹಾಗೂ ಇರಲಿಲ್ಲ.

1928ರಲ್ಲಿ ವರದಿ ಒಪ್ಪಿಸಿದ ಕೃಷಿ ಕುರಿತ ರಾಯಲ್ ಆಯೋಗವು ಮಾರುಕಟ್ಟೆಯ ಇಂಥ ಕಡಿತಗಳನ್ನು ಗಮನಿಸಿ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದ ಮೇಲೆ ಮನಬಂದಂತೆ ಕಡಿತ ಹಿಡಿಯುವುದಕ್ಕೆ ಕಾನೂನಿನ ತಡೆ ಬಿತ್ತು. ಶಿವಮೊಗ್ಗದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಮಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಮೊದಲಾದ ಸಂಸ್ಥೆಗಳನ್ನು ಬೆಳೆಗಾರರು ಕಟ್ಟಿಕೊಂಡದ್ದರ ಹಿಂದೆಯೂ ತಮ್ಮ ಪಟ್ಟಿಯನ್ನು ತಾವೇ ಓದಬೇಕೆಂಬ ಆಸೆ ಇತ್ತು.

ಇದರಿಂದ ಕಲಿಯತಕ್ಕ ಪಾಠ ಸ್ಪಷ್ಟ. ತೂಕದಲ್ಲಿ, ಧಾರಣೆಯಲ್ಲಿ, ಕೂಲಿಯಲ್ಲಿ ಹಿಡಿದುಕೊಂಡ ಹಣವನ್ನು ವೇದಿಕೆಯ ಮೇಲೆ ಕೊಟ್ಟರೆ ಅದು ಹಿಂದಿರುಗಿಸುವಿಕೆಯೇ ಹೊರತು ದಾನವಲ್ಲ. ನ್ಯಾಯವಾದ ಬೆಲೆ, ಸರಿಯಾದ ತೂಕ, ಹೊತ್ತಿಗೆ ಬಟವಾಡೆ, ಇವು ವ್ಯಾಪಾರಿಯ ಮೊದಲ ಧರ್ಮ. ಅವನ್ನು ಪೂರೈಸಿ ಉಳಿದ ಸ್ವಂತ ಗಳಿಕೆಯಿಂದ ಕೊಟ್ಟದ್ದು ದಾನ.

ಒಬ್ಬ ಅಂಗಡಿಕಾರರು ಕಟ್ಟಿದ ತೋಟ

ಹಾಗೆ ಕೊಟ್ಟವರು ನಮ್ಮ ನಾಡಿನಲ್ಲಿ ಇದ್ದರು. ಬೆಂಗಳೂರು ರೈಲು ನಿಲ್ದಾಣದಲ್ಲಿ ಇಳಿದ ಹಳೆಯ ತಲೆಮಾರಿನ ಮಲೆನಾಡಿಗರಲ್ಲಿ ತೋಟದಪ್ಪನವರ ಛತ್ರದ ಹೆಸರು ಕೇಳದವರು ವಿರಳ. ಗುಬ್ಬಿ ತೋಟದಪ್ಪನವರು 1838ರಲ್ಲಿ ಜನಿಸಿದವರು. ಮನೆತನ ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲಪೇಟೆಯಲ್ಲಿ ಅಂಗಡಿ ನಡೆಸಿತು. ಅವರಿಗೆ ಮಕ್ಕಳಿರಲಿಲ್ಲ. ಗಳಿಸಿದ್ದನ್ನು ಸಾರ್ವಜನಿಕರಿಗೆ ಬಿಡುವ ನಿಶ್ಚಯ ಮಾಡಿ, ದಾರಿಹೋಕರಿಗೆ ಛತ್ರ, ಓದಲು ಬಂದ ವೀರಶೈವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಎಂದು 1897ರಲ್ಲಿ ಧರ್ಮಸಂಸ್ಥೆಗೆ ತಳಹದಿ ಹಾಕಿದರು. ರೈಲು ನಿಲ್ದಾಣದ ಹತ್ತಿರ ಕೊಂಡ ಜಾಗದಲ್ಲಿ ಛತ್ರ ಸಿದ್ಧವಾಗಿ 1903ರಲ್ಲಿ ತೆರೆಯಿತು. ಮೈಸೂರು ಮಹಾರಾಜರಿಂದ ‘ಧರ್ಮಪ್ರವರ್ತ’, ಬ್ರಿಟಿಷ್ ಸರ್ಕಾರದಿಂದ ‘ರಾವ್ ಬಹಾದ್ದೂರ್’ ಎಂಬ ಬಿರುದುಗಳು ಬಂದವು. 1910ರಲ್ಲಿ ಅವರು ತೀರಿಕೊಂಡರು.

ಬಿರುದುಗಳಿಗಿಂತ ನಾವು ಗಮನಿಸಬೇಕಾದ ಸಂಗತಿಗಳು ಬೇರೆ ಇವೆ. ಮೊದಲನೆಯದಾಗಿ, ಅವರು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಆಗಾಗ್ಗೆ ತೆಗೆದುಕೊಡುವುದಕ್ಕೆ ತೃಪ್ತಿಪಡದೆ ಆಸ್ತಿಯನ್ನೇ ಧರ್ಮಕ್ಕೆ ಬರೆದರು. ಊರು ಬೆಳೆದಂತೆ ಆ ಜಾಗದ ಬೆಲೆಯೂ ಬೆಳೆಯಿತು. ಎರಡನೆಯದಾಗಿ, ತಮ್ಮ ನಂತರ ನೋಡಿಕೊಳ್ಳಲು ಆಡಳಿತದಲ್ಲಿ ಪಳಗಿದ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಂಥವರ ಕೈಗೆ ಸಂಸ್ಥೆಯನ್ನು ಒಪ್ಪಿಸಿದರು. ತೋಟ ಬಿಟ್ಟುಹೋಗುವವನು ನೀರಿನ ಹಕ್ಕನ್ನೂ ಕಾಯುವ ಆಳನ್ನೂ ಗೊತ್ತುಮಾಡಿ ಹೋದಂತೆ ಇದು. ಅಂಗಡಿ ಹೋಯಿತು, ಅಂಗಡಿಕಾರರೂ ಹೋದರು, ಧರ್ಮ ನಿಂತಿತು.

ಅದರ ಫಲ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಒಂದೇ ನಿದರ್ಶನ ಸಾಕು. ಮುಂದೆ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳಾದ ವಿದ್ಯಾರ್ಥಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆಶ್ರಯ ಪಡೆದದ್ದು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. 1930ರಲ್ಲಿ ಸನ್ಯಾಸ ಸ್ವೀಕರಿಸಿದ ಅವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಎಷ್ಟು ಸಾವಿರ ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾಮೂಲಪೇಟೆಯ ಅಂಗಡಿಯಲ್ಲಿ ಬಿದ್ದ ಬೀಜ ತುಮಕೂರಿನ ಬೆಟ್ಟದ ತಪ್ಪಲಲ್ಲಿ ಫಲ ಬಿಟ್ಟಿತು.

ಉಡುಪಿಯ ಎರಡು ದಾನಗಳು

ಘಟ್ಟದ ಕೆಳಗೆ ಇನ್ನೊಂದು ಉದಾಹರಣೆಯುಂಟು. ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಸಾಹೇಬರು 1906ರ ಮಾರ್ಚ್ 12ರಂದು ಊರಿನ ಮಹನೀಯರ ಜೊತೆ ಸೇರಿ 5,000 ರೂಪಾಯಿ ಬಂಡವಾಳದಿಂದ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ ಅದರ ಮೊದಲ ಅಧ್ಯಕ್ಷರಾದರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಗೆ ಉಡುಪಿ ಪೇಟೆಯ ನಡುವಿನ ಜಾಗವನ್ನು ಕೊಟ್ಟವರೂ ಇವರೇ. ಬ್ಯಾಂಕಿನ ಹೆಸರು ಅಳಿದಿದೆ, ಆಸ್ಪತ್ರೆಯ ಜಾಗ ಉಳಿದಿದೆ.

ಅದೇ ಜಾಗದಲ್ಲಿ ಇತ್ತೀಚೆಗೆ ಇನ್ನೊಂದು ದಾನದ ಪ್ರಯೋಗ ನಡೆಯಿತು. ಉಡುಪಿ ಸೀಮೆಯಿಂದ ಕೊಲ್ಲಿ ದೇಶಕ್ಕೆ ಹೋಗಿ ಎನ್.ಎಂ.ಸಿ. ಆಸ್ಪತ್ರೆಗಳನ್ನು ಕಟ್ಟಿದ ಉದ್ಯಮಿ ಡಾ. ಬಿ. ಆರ್. ಶೆಟ್ಟಿಯವರು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿಯೇ 200 ಹಾಸಿಗೆಗಳ ಹೊಸ ಆಸ್ಪತ್ರೆ ಕಟ್ಟಿಸಿ ಉಚಿತ ಚಿಕಿತ್ಸೆಗೆ ಏರ್ಪಾಡು ಮಾಡಿದರು. 2017ರಲ್ಲಿ ಅದು ಉದ್ಘಾಟನೆಯಾಯಿತು. ದಾನಿಗಳು ಕೊಟ್ಟ ಜಾಗವನ್ನು ಖಾಸಗಿಯವರಿಗೆ ವಹಿಸಬಾರದೆಂದು ಆಗಲೇ ಊರಿನಲ್ಲಿ ಆಕ್ಷೇಪಣೆಗಳೂ ಎದ್ದಿದ್ದವು. 2020ರ ಏಪ್ರಿಲಿನಲ್ಲಿ ಎನ್.ಎಂ.ಸಿ. ಕಂಪನಿ ಸಾಲದ ಸುಳಿಗೆ ಸಿಕ್ಕಿ ನ್ಯಾಯಾಲಯ ನೇಮಿಸಿದ ಆಡಳಿತಗಾರರ ವಶಕ್ಕೆ ಹೋಯಿತು. ಆ ಬಳಿಕ ಉಡುಪಿಯ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಸಂಬಳಕ್ಕೂ ತೊಂದರೆಯಾಗಿ, ಕೊನೆಗೆ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.

ಇಲ್ಲಿ ಕೊಟ್ಟವರ ಮನಸ್ಸನ್ನು ಅಳೆಯುವುದು ನಮ್ಮ ಉದ್ದೇಶವಲ್ಲ. ಕಟ್ಟಡ ಕಟ್ಟಿಸಿದ್ದು ದೊಡ್ಡ ಕೆಲಸವೇ ಸರಿ. ಆದರೆ ವರ್ಷ ವರ್ಷದ ಖರ್ಚು ಒಂದು ವ್ಯಾಪಾರದ ಲಾಭಕ್ಕೆ ಕಟ್ಟಿದ್ದಾಗ, ವ್ಯಾಪಾರ ಮುಗ್ಗರಿಸಿದ ದಿನ ಬಾಣಂತಿಯ ಮಂಚವೂ ಅಲುಗಾಡುತ್ತದೆ. ಅಡಿಕೆ, ಕಾಫಿ ಎರಡರ ಧಾರಣೆಯೂ ಏರಿಳಿಯುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗಬೇಕು. ಧಾರಣೆ ಏರಿದ ವರ್ಷ ಅನಾಥಾಲಯಕ್ಕೆ ‘ಇನ್ನು ಪ್ರತಿವರ್ಷ ಕೊಡುತ್ತೇವೆ’ ಎಂದು ಸಭೆಯಲ್ಲಿ ಹೇಳಿ, ಕೊಳೆರೋಗ ಬಂದ ವರ್ಷ ಸುಮ್ಮನಾದರೆ, ನಂಬಿ ಕೂತ ಮಕ್ಕಳ ಪಾಡೇನು? ಸಣ್ಣದಾದರೂ ಠೇವಣಿಯಾಗಿ ಇಟ್ಟು ಅದರ ಬಡ್ಡಿಯಿಂದ ಕೊಡುವುದು ಇದಕ್ಕಿಂತ ಮೇಲು.

ಬಹಿರಂಗ ಏಕೆ ಬೇಕು?

ಇನ್ನು ಹೆಸರು ಹಾಕಿಸಿಕೊಳ್ಳುವ ಮಾತು. ನಮ್ಮ ಹಿರಿಯರು ದಾನವನ್ನು ಗುಟ್ಟಾಗಿ ಮಾಡಿದರೆಂದು ತಿಳಿಯುವುದು ಸರಿಯಲ್ಲ. ಅವರು ಅದನ್ನು ಕಲ್ಲಿನ ಮೇಲೆ ಕೆತ್ತಿಸಿದರು. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಇದನ್ನು ಕಾಣಬಹುದು. ಅಲ್ಲಿನ ಕೋಡಿಯ ಮಠವನ್ನು ಕುರಿತ 1162ರ ಶಾಸನವು, ಆ ಸ್ಥಳ ವಿದ್ಯೆಗೆ ಮಾತ್ರವಲ್ಲದೆ ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಅನ್ನ ನೀಡುವುದಕ್ಕೂ ರೋಗಿಗಳ ಚಿಕಿತ್ಸೆಗೂ ನೆಲೆಯಾಗಿತ್ತೆಂದು ವರ್ಣಿಸುತ್ತದೆ. ವರ್ತಕ ಸಂಘಗಳು ಅಡಿಕೆ, ಮೆಣಸು, ವೀಳ್ಯದೆಲೆಗಳ ಹೇರಿಗೆ ಇಷ್ಟೆಂದು ಆಯ ಬಿಟ್ಟುಕೊಟ್ಟ ಸಂಗತಿಗಳೂ ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ.

ಆ ಶಾಸನಗಳಲ್ಲಿ ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು, ಯಾವ ಮೂಲದಿಂದ ಕೊಟ್ಟರು, ಎಲ್ಲೆ ಯಾವುದು ಎಂಬುದೆಲ್ಲ ಇರುತ್ತದೆ. ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಳ್ಳುವವನಿಗೆ, ಕೊಟ್ಟವನೇ ಆಗಿರಲಿ, ಶಾಪವಿರುತ್ತದೆ. ಎಂದರೆ ಬಹಿರಂಗಪಡಿಸಿದ್ದು ಕೀರ್ತಿಗಾಗಿ ಮಾತ್ರವಲ್ಲ. ಕೊಟ್ಟವನೂ ನಡೆಸುವವನೂ ಮಾತಿಗೆ ತಪ್ಪದಿರಲಿ ಎಂಬುದಕ್ಕಾಗಿ. ಇಂದಿನ ಫಲಕದಲ್ಲಿ ಹೆಸರು ಮಾತ್ರ ಉಳಿದು, ಮೊತ್ತ, ಮೂಲ, ಉದ್ದೇಶ ಬಿಟ್ಟುಹೋಗಿವೆ. ಹೆಸರು ತೆಗೆಸಬೇಕಾಗಿಲ್ಲ, ಬಿಟ್ಟುಹೋದದ್ದನ್ನು ಸೇರಿಸಬೇಕಾಗಿದೆ.

ನಮ್ಮ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ವಿನೋಬಾ ಭಾವೆಯವರ ಚಳವಳಿಯೂ ಇದನ್ನೇ ಕಲಿಸುತ್ತದೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿಯವರು ಸಭೆಯಲ್ಲಿಯೇ ಎದ್ದು ನಿಂತು 100 ಎಕರೆ ಕೊಡುವುದಾಗಿ ಹೇಳಿದ್ದರಿಂದ ಭೂದಾನ ಹುಟ್ಟಿತು. ಆ ಬಹಿರಂಗ ಮಾತು ಇತರರಿಗೂ ಪ್ರೇರಣೆಯಾಗಿ, ದೇಶದಲ್ಲಿ 40 ಲಕ್ಷ ಎಕರೆಗೂ ಮಿಕ್ಕಿ ಭೂಮಿ ಘೋಷಣೆಯಾಯಿತು. ಆದರೆ ಅದರಲ್ಲಿ ಬಹಳಷ್ಟು ಹಂಚಿಕೆಯಾಗಲೇ ಇಲ್ಲ. ಕೆಲವು ಸಾಗುವಳಿಗೆ ಬಾರದ ನೆಲ, ಕೆಲವು ತಕರಾರಿನ ನೆಲ, ಕೆಲವಕ್ಕೆ ಕಾಗದಪತ್ರವೇ ಆಗಲಿಲ್ಲ. ವೇದಿಕೆಯ ಮಾತು ದಾನದ ಬಾಗಿಲು ಮಾತ್ರ. ಪಹಣಿಯಲ್ಲಿ ಹೆಸರು ಬದಲಾದಾಗಲೇ ದಾನ ಮನೆಯೊಳಗೆ ಬಂದಂತೆ.

ಸಂಘದ ದಾನ

ಈಗ ನಮ್ಮ ಪ್ರಶ್ನೆಗೆ ಬರೋಣ. ಅಂಗಡಿಯ ಯಜಮಾನರು ತಮ್ಮ ಹಣ ಕೊಡುತ್ತಾರೆ. ಸಂಘದ ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಕೊಡುವುದು ಸದಸ್ಯರ ಹಣ. ಆದುದರಿಂದಲೇ ಸಹಕಾರ ಕಾನೂನು ಮೊದಲಿನಿಂದಲೂ ಇದಕ್ಕೆ ಅಳತೆ ಇಟ್ಟಿದೆ. ಬ್ರಿಟಿಷ್ ಭಾರತದ 1912ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದ ಕಾಲು ಭಾಗವನ್ನು ಮೊದಲು ಮೀಸಲು ನಿಧಿಗೆ ಹಾಕಬೇಕು. ಬಳಿಕ ಉಳಿದದ್ದರಲ್ಲಿ ಶೇಕಡಾ 10ಕ್ಕೆ ಮೀರದಂತೆ, ರಿಜಿಸ್ಟ್ರಾರರ ಮಂಜೂರಾತಿ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು. ಲೆಕ್ಕ ಹೀಗೆ:

ನಿವ್ವಳ ಲಾಭ: ರೂ. 4,00,000
ಮೀಸಲು ನಿಧಿಗೆ ಕಾಲು ಭಾಗ: ರೂ. 1,00,000
ಉಳಿದದ್ದು: ರೂ. 3,00,000
ಅದರಲ್ಲಿ ಶೇ. 10, ಧರ್ಮಕಾರ್ಯಕ್ಕೆ ಗರಿಷ್ಠ: ರೂ. 30,000

ಧರ್ಮಕಾರ್ಯವೆಂದರೆ ಏನೆಂಬುದಕ್ಕೆ ಆ ಕಾಯ್ದೆ 1890ರ ಧರ್ಮದತ್ತಿ ಕಾಯ್ದೆಯ ಅರ್ಥವನ್ನೇ ತೆಗೆದುಕೊಂಡಿತು: ಬಡವರ ನೆರವು, ವಿದ್ಯೆ, ವೈದ್ಯಕೀಯ ನೆರವು, ಸಾರ್ವಜನಿಕ ಉಪಯೋಗದ ಇತರ ಕಾರ್ಯಗಳು. ಕೇವಲ ಪೂಜೆಗೆ ಅಥವಾ ಮತಬೋಧನೆಗೆ ಸಂಬಂಧಿಸಿದ್ದು ಅದರಲ್ಲಿ ಸೇರುವುದಿಲ್ಲ. ಇಂದು ನಮ್ಮ ಸಂಘಗಳಿಗೆ ಅನ್ವಯಿಸುವುದು 1959ರ ಕರ್ನಾಟಕದ ಕಾಯ್ದೆ ಮತ್ತು ನಮ್ಮ ಉಪವಿಧಿಗಳು. ಅಂಕಿಗಳನ್ನು ಅಲ್ಲಿಯೇ ನೋಡಿಕೊಳ್ಳತಕ್ಕದ್ದು. ಆದರೆ ಕ್ರಮದ ತಿರುಳು ಒಂದೇ: ಮೊದಲು ಬೇರು ಭದ್ರ, ನಂತರ ಹಂಚಿಕೆ. ದೊಡ್ಡ ಕಂಪನಿಗಳಿಗೂ 2013ರ ಕಂಪನಿ ಕಾಯ್ದೆ, ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವೆಚ್ಚಮಾಡಿ ವರದಿ ಪ್ರಕಟಿಸಬೇಕೆಂದು ವಿಧಿಸಿದೆ. ರಾಜಕೀಯ ಪಕ್ಷಗಳಿಗೆ ಕೊಟ್ಟದ್ದು ಅದರಲ್ಲಿ ಲೆಕ್ಕಕ್ಕಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ‘ಸಮುದಾಯದ ಬಗ್ಗೆ ಕಾಳಜಿ’ಯನ್ನು ಸಹಕಾರದ ಏಳನೆಯ ತತ್ವವನ್ನಾಗಿ ಸೇರಿಸಿತು. ಕೊಡಬಾರದೆಂದು ಯಾರೂ ಹೇಳಿಲ್ಲ. ಲೆಕ್ಕವಿಟ್ಟು ಕೊಡಿ ಎಂದು ಎಲ್ಲರೂ ಹೇಳಿದ್ದಾರೆ.

ಆದುದರಿಂದ ಮಹಾಸಭೆಯಲ್ಲಿ ದಾನದ ವಿಷಯ ಬಂದಾಗ ಸದಸ್ಯರು ಸಂಕೋಚವಿಲ್ಲದೆ ಕೇಳಬೇಕು. ಈ ಹಣ ಯಾವ ಬಾಬಿನಿಂದ? ಬೆಳೆಗಾರನಿಗೆ ಸಲ್ಲಬೇಕಾದ್ದನ್ನು ಕೊಟ್ಟ ಮೇಲೆ ಉಳಿದದ್ದೇ? ಮುಂದಿನ ವರ್ಷ ಧಾರಣೆ ಬಿದ್ದರೆ ಇದು ನಡೆಯುವುದೇ? ಪಡೆದವರು ವೆಚ್ಚದ ವರದಿಯನ್ನು ಯಾರಿಗೆ ಒಪ್ಪಿಸುತ್ತಾರೆ? ಇದನ್ನು ಕೇಳಿದವರನ್ನು ಜಿಪುಣರೆಂದು ಜರೆಯುವುದು ಸಲ್ಲದು. ಪೇಟೆಯ ವರ್ತಕ ಮಿತ್ರರು ಕೊಟ್ಟಾಗಲೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಉತ್ತರ ಇದ್ದವರಿಗೆ ತುಂಬುಮನಸ್ಸಿನಿಂದ ಚಪ್ಪಾಳೆ ತಟ್ಟೋಣ. ವೇದಿಕೆಯ ಹಾರ ಮರುದಿನ ಬಾಡುತ್ತದೆ. ಒಬ್ಬ ಬಡ ಹುಡುಗನ ಹಾಸ್ಟೆಲಿನ ಊಟ ಮಾತ್ರ ಜೂನ್ ತಿಂಗಳಿಂದ ಮಾರ್ಚಿನವರೆಗೆ ಒಂದು ಹೊತ್ತೂ ತಪ್ಪಬಾರದು.