ಕಡಲಾಚೆಯ ಊರು, ಕನ್ನಡದ ಬರಹ

ಪರದೇಶದ ಊರೊಂದರಲ್ಲಿ ಕೆಲಕಾಲ ಬಾಳಿದ ಲೇಖಕನು ತನ್ನ ನುಡಿಗೆ ಏನನ್ನು ತರಬಲ್ಲನು? ಕಂಡ ನೋಟಗಳ ವರ್ಣನೆಯನ್ನು ತರಬಹುದು; ತನ್ನ ನಾಡನ್ನೇ ಹೊಸದಾಗಿ ಕಾಣುವ ದೃಷ್ಟಿಯನ್ನೂ ತರಬಹುದು. ಇಂಗ್ಲೆಂಡಿನ ಎರಡು ಊರುಗಳಿಂದ ಕನ್ನಡಕ್ಕೆ ಒದಗಿದ ಎರಡು ಕೃತಿಗಳು ಇದಕ್ಕೆ ನಿದರ್ಶನಗಳಾಗಿವೆ.

ಮೊದಲನೆಯದು ವಿನಾಯಕ ಕೃಷ್ಣ ಗೋಕಾಕರ ‘ಸಮುದ್ರದಾಚೆಯಿಂದ’. ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಜನಿಸಿದರು. ಇಂದು ಹಾವೇರಿ ಜಿಲ್ಲೆಗೆ ಸೇರಿದ ಆ ಊರು ಆಗ ನವಾಬರ ಸಂಸ್ಥಾನದ ರಾಜಧಾನಿಯಾಗಿತ್ತು. ವೀಳ್ಯದೆಲೆಗೂ, ಹಲವರು ಕೈಕೈ ಹಿಡಿದಲ್ಲದೆ ಸುತ್ತುಗಟ್ಟಲಾಗದ ದೊಡ್ಡಹುಣಸೆ ಮರಗಳಿಗೂ ಅದು ಹೆಸರಾದುದು. ಹಾನಗಲ್ಲ, ಚಿಕ್ಕೇರೂರುಗಳ ಮಕ್ಕಳಿಗೆ ಅದು ತಮ್ಮ ಸೀಮೆಯ ಊರೇ ಸರಿ. ಧಾರವಾಡದಲ್ಲಿ ಓದುತ್ತ ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದ ಈ ತರುಣನನ್ನು ಕನ್ನಡದತ್ತ ತಿರುಗಿಸಿದವರು ದ. ರಾ. ಬೇಂದ್ರೆಯವರು.

1936ರಲ್ಲಿ ಗೋಕಾಕರು ಉನ್ನತ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ತೆರಳಿದರು. ಥೇಮ್ಸ್ ನದಿಯ ದಡದಲ್ಲಿರುವ ಆ ವಿದ್ಯಾನಗರಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ, 1938ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ಅದು ಭಾರತವು ಪರಾಧೀನವಾಗಿದ್ದ ಕಾಲ. ಆಳುವವರ ಭಾಷೆಯನ್ನು ಅವರ ಊರಿನಲ್ಲಿಯೇ ಕಲಿತು ಗೆದ್ದವನಿಗೆ, ತನ್ನ ಭಾಷೆಯನ್ನು ಮರೆಯುವುದು ಕಷ್ಟವೇನಲ್ಲ. ಗೋಕಾಕರು ಮರೆಯಲಿಲ್ಲ. ಇಂಗ್ಲಿಷಿನಲ್ಲಿಯೂ ಬರೆದರು, ಆದರೆ ಆ ಪ್ರವಾಸದ ಅನುಭವವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ನಿವೇದಿಸಿದರು. ಪುಸ್ತಕದ ಹೆಸರನ್ನೇ ಗಮನಿಸಿರಿ. ‘ಆಚೆಯಿಂದ’ ಎನ್ನುವಾಗ, ಈಚೆಯಲ್ಲಿ ಕೇಳುವವರು ಇದ್ದಾರೆಂಬ ಭಾವ ತಾನಾಗಿಯೇ ಮೂಡುತ್ತದೆ. ಕಡಲು ಅವರ ಕಾವ್ಯಕ್ಕೂ ವಸ್ತುವಾಗಿ ‘ಸಮುದ್ರ ಗೀತೆಗಳು’ ಹುಟ್ಟಿದವು. ಮುಂದೆ 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಎರಡನೆಯ ಕೃತಿ ಬೇರೊಂದು ಬಗೆಯದು. 1960ರ ದಶಕದಲ್ಲಿ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ಅದು ಕಾರ್ಖಾನೆಗಳ ಮಹಾನಗರ. ಅಲ್ಲಿ ಅವರು ತಮ್ಮ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ, ಪ್ಲೇಗು ಹರಡಿದ ಮಧ್ಯಯುಗದ ಯುರೋಪನ್ನು ಚಿತ್ರಿಸುವ ಸ್ವೀಡನ್ ದೇಶದ ಚಲನಚಿತ್ರವೊಂದನ್ನು ನೋಡಿದರು. ಯುರೋಪಿನವರು ತಮ್ಮ ಮಧ್ಯಯುಗವನ್ನು ಗ್ರಂಥಗಳಿಂದ ಅರಿತು ಕಟ್ಟಿಕೊಳ್ಳಬೇಕು. ನಮ್ಮ ನಾಡಿನಲ್ಲಾದರೋ ಹಲವು ಶತಮಾನಗಳು ಏಕಕಾಲದಲ್ಲಿ ಜೀವಂತವಾಗಿವೆ ಎಂಬ ವಿಚಾರ ಅವರಿಗೆ ಹೊಳೆಯಿತು. ಆ ಪ್ರೇರಣೆಯಿಂದ ಅಲ್ಲಿಯೇ ರಚಿತವಾದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಆ ಕಾದಂಬರಿಯ ಕಥೆ ಬರ್ಮಿಂಗ್‌ಹ್ಯಾಮಿನದಲ್ಲ. ಅಲ್ಲಿರುವುದು ಮಲೆನಾಡಿನ ದೂರ್ವಾಸಪುರವೆಂಬ ಅಗ್ರಹಾರ, ಅಲ್ಲಿಗೆ ಬಂದೆರಗಿದ ಪ್ಲೇಗು, ಶವಸಂಸ್ಕಾರವನ್ನು ಯಾರು ಮಾಡಬೇಕೆಂದು ನಿರ್ಣಯಿಸಲಾರದೆ ತೊಳಲುವ ಜನ.

ಗೋಕಾಕರು ಅಲ್ಲಿಯದನ್ನು ಕಂಡು ಇಲ್ಲಿಯವರಿಗೆ ಹೇಳಿದರು. ಅನಂತಮೂರ್ತಿಯವರು ಅಲ್ಲಿ ನಿಂತು ಇಲ್ಲಿಯದನ್ನು ಕಂಡರು. ದಾರಿಗಳು ಎರಡಾದರೂ ಇಬ್ಬರೂ ನಡೆದದ್ದು ಕನ್ನಡದ ಬೆಳಕಿನಲ್ಲಿ. ಕಣ್ಣಿಗೆ ಹತ್ತಿರ ಹಿಡಿದ ಅಕ್ಷರವನ್ನು ಓದಲಾಗದು. ತುಸು ದೂರ ಹಿಡಿದಾಗ ಅದು ಸ್ಪಷ್ಟವಾಗುತ್ತದೆ. ಹುಟ್ಟೂರೂ ಅಂತೆಯೇ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಅನೇಕರು ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರನ್ನು ಬಿಟ್ಟು ಹೋಗುವಿರಿ. ಹೋದ ಕಡೆಯ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಆದರೆ ಅಲ್ಲಿ ಕಂಡುದನ್ನು ಇಲ್ಲಿಯವರಿಗೆ ತಿಳಿಸಲು ನಿಮ್ಮ ನುಡಿ ನಿಮ್ಮ ಜೊತೆಯಲ್ಲಿರಲಿ. ಊರನ್ನು ಬಿಟ್ಟವನು ಎಂದಾದರೂ ಮರಳಿ ಬರಬಹುದು. ನುಡಿಯನ್ನು ಬಿಟ್ಟವನು ಮರಳಿ ಬಂದರೂ ತನ್ನೂರಿನಲ್ಲಿಯೇ ಪರಸ್ಥಳದವನಾಗಿ ಉಳಿಯುವನು.